ಅನ್ನ ಬಿಟ್ಟು ಮುದ್ದೆಗೆ ಬಂದರೂ ಅಮ್ಮನ ಶುಗರ್ ಇಳಿಯುತ್ತಿಲ್ಲ, ಕಾರ್ಬ್ (ಊಟದಲ್ಲಿನ ಪಿಷ್ಟ, ಸಕ್ಕರೆ ಅಂಶ) ಎಷ್ಟು ಕಡಿಮೆ ಮಾಡಬೇಕು?

ತುಮಕೂರು ತೆಂಗು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 56 ವರ್ಷ, ಟೈಪ್ 2 ಶುಗರ್. ಹೋದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) 8.4 ಬಂತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿರುವ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು. ರಿಪೋರ್ಟ್ ನೋಡಿದ ಮೇಲೆ ಮನೆಯಲ್ಲಿ ಅವರಿಗೆ ಅನ್ನ ಪೂರ್ತಿ ನಿಲ್ಲಿಸಿದೆವು. ಎರಡು ಹೊತ್ತೂ ಮುದ್ದೆ, ಬಸ್ಸಾರು ಇಲ್ಲಾ ಉಪ್ಪುಸಾರು. ಕಾಫಿಗೆ ಸಕ್ಕರೆ ಬದಲು ಬೆಲ್ಲ. ಇಷ್ಟಾದರೂ ಊಟವಾಗಿ ಎರಡು ಗಂಟೆಗೆ ಚುಚ್ಚಿ ನೋಡಿದರೆ 230, 240, ಇದೇ ಕಥೆ. ನಮ್ಮಣ್ಣ ಯಾವುದೋ ವಿಡಿಯೋ ಕಳಿಸಿದ್ದಾನೆ, ಧಾನ್ಯವನ್ನೇ ಮುಟ್ಟಬೇಡಿ, ದಿನಕ್ಕೆ 20 ಗ್ರಾಂ ಕಾರ್ಬ್ ಸಾಕು, ವಾರದಲ್ಲಿ ಮಾತ್ರೆ ಬಿಸಾಕಬಹುದು ಅಂತ. ಅಮ್ಮ ಮುದ್ದೆ ಇಲ್ಲದೆ ಊಟ ಮಾಡಿದ ಹಾಗೇ ಆಗಲ್ಲ ಅಂತಾರೆ. ಮುದ್ದೆ ಶುಗರಿಗೆ ಒಳ್ಳೆಯದು ಅಂತ ಊರೆಲ್ಲ ಹೇಳುತ್ತದೆ, ಮೀಟರ್ ಮಾತ್ರ ಬೇರೆ ಹೇಳುತ್ತಿದೆ. ಯಾರನ್ನ ನಂಬಲಿ?

ಬಾರೆಕಾಡು:
ಮೀಟರನ್ನ.

ಸಕ್ಕರೆ ಸೀನಿಯರ್:
ಮೇಲಿನವರು ಒಂದೇ ಮಾತಲ್ಲಿ ಮುಗಿಸಿದರು, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುದ್ದೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದಕ್ಕಿಂತ ಮೊದಲು ಆ ಮುದ್ದೆಗೆ ಎಷ್ಟು ಹಿಟ್ಟು ಹೋಗಿದೆ ನೋಡಿ. ನಮ್ಮ ಕಡೆ ಒಂದು ಸಾಧಾರಣ ಮುದ್ದೆಗೆ 100 ಗ್ರಾಂ ಹಿಟ್ಟು ಸುಲಭವಾಗಿ ಬೀಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್. ಒಂದು ಕಪ್ ಅನ್ನ, ಅಂದರೆ ಬೆಂದದ್ದು 150 ಗ್ರಾಂ ತಗೊಂಡರೆ, ಅದರಲ್ಲಿ 40ರಿಂದ 45. ಅಂದರೆ ನೀವು ಅನ್ನ ತೆಗೆದು ಮುದ್ದೆ ಇಟ್ಟಾಗ ಕಾರ್ಬ್ ಕಡಿಮೆ ಆಗಿಲ್ಲ, ಜಾಸ್ತಿಯೇ ಆಗಿರಬಹುದು. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ, ಎಲ್ಲಾ ನಿಜ. ಆದರೆ ನುಣ್ಣಗೆ ಬೀಸಿ, ಕುದಿಯುವ ನೀರಲ್ಲಿ ಬೇಯಿಸಿ, ಕೋಲಲ್ಲಿ ತೊಳಸಿ, ಅಗಿಯದೆ ನುಂಗುತ್ತೇವಲ್ಲ, ಆ ಹಿಟ್ಟು ಒಳಗೆ ಹೋಗಿ ಸಕ್ಕರೆಯಾಗೋಕೆ ಏನೂ ತಡ ಆಗಲ್ಲ.

ನನ್ನದೇ ರೀಡಿಂಗ್ ಹಾಕುತ್ತೇನೆ. ಊಟಕ್ಕೆ ಮೊದಲು 128 ಇತ್ತು. ದೊಡ್ಡ ಮುದ್ದೆ, ತೆಳ್ಳನೆ ಸಾರು ತಿಂದ ದಿನ ಎರಡು ಗಂಟೆಗೆ 236. ಇನ್ನೊಂದು ದಿನ ಹೆಚ್ಚು ಕಡಿಮೆ ಅಷ್ಟೇ ಇದ್ದಾಗ ಅದರ ಅರ್ಧ ಮುದ್ದೆ, ಜೊತೆಗೆ ತಟ್ಟೆ ತುಂಬ ಹುರುಳಿಕಾಯಿ ಪಲ್ಯ, ಎರಡು ಮೊಟ್ಟೆ, ಮೊಸರು. 168. ಅದೇ ರಾಗಿ, ಅದೇ ಹೊಟ್ಟೆ.

ಅಮ್ಮನಿಗೆ ಇದನ್ನೇ ಮಾಡಿ. ಊಟಕ್ಕೆ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಂದು ಸಲ. ಎರಡರ ನಡುವಿನ ಅಂತರ ನೋಡಿ. ಸುಮ್ನೆ ಊಟದ ನಂತರದ್ದು ಮಾತ್ರ ನೋಡಿದರೆ ಊಟದ ತಪ್ಪೋ, ಮೊದಲೇ ಜಾಸ್ತಿ ಇತ್ತೋ ಗೊತ್ತಾಗಲ್ಲ. ಮತ್ತೆ ಬೆಲ್ಲ ಅಂದರೆ ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ.

ನವಣೆ ನಂಜುಂಡ:
ರಾಗಿ ಬಿಡಿ ಸ್ವಾಮಿ, ಸಿರಿಧಾನ್ಯಕ್ಕೆ ಬನ್ನಿ. ನವಣೆ, ಸಾಮೆ, ಹಾರಕ, ಊದಲು, ಕೊರಲೆ. ಇವನ್ನು ಹೊಟ್ಟೆ ತುಂಬ ತಿನ್ನಬಹುದು, ಅಳತೆಯ ತಲೆನೋವೇ ಇಲ್ಲ. ನಮ್ಮ ಹಿರಿಯರು ಇದನ್ನೇ ತಿನ್ನುತ್ತಿದ್ದರು, ಯಾರಿಗೂ ಶುಗರ್ ಇರಲಿಲ್ಲ.

ಪೋಷಣೆ ಪಾಠ:
ನಂಜುಂಡ ಅವರೇ, ಸಿರಿಧಾನ್ಯದ ಮೇಲೆ ನನಗೆ ಯಾವ ಕೋಪವೂ ಇಲ್ಲ, ನಾನೂ ತಿನ್ನುತ್ತೇನೆ. ಹೊಟ್ಟೆ ತುಂಬ ಅನ್ನೋ ಮಾತು ಮಾತ್ರ ಒಪ್ಪಲ್ಲ. ಸಿರಿಧಾನ್ಯದಲ್ಲೂ ಮೂರರಲ್ಲಿ ಎರಡು ಪಾಲಿನಷ್ಟು ಇರುವುದು ಪಿಷ್ಟವೇ.

ಚೆನ್ನೈನ ಮದ್ರಾಸ್ ಡಯಾಬಿಟಿಸ್ ಸಂಶೋಧನಾ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿ ಮಾಡುತ್ತಿರುವ ಇಂಡಿಯಾಬ್ ಅಧ್ಯಯನ ಇದೆಯಲ್ಲ, 2023ರಲ್ಲಿ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಡಯಾಬಿಟಿಸ್ ಇದೆ ಅಂತ ಹೇಳಿತ್ತಲ್ಲ, ಅದೇ. ಅದರ ಊಟದ ಲೆಕ್ಕ 2025ರಲ್ಲಿ ಬಂತು. ನಾವು ಭಾರತೀಯರು ದಿನದ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಕಾರ್ಬ್‌ನಿಂದಲೇ ತೆಗೆದುಕೊಳ್ಳುತ್ತೇವೆ. ಪ್ರೋಟೀನ್ ಶೇ. 12ರ ಆಸುಪಾಸು. 2000 ಕ್ಯಾಲೊರಿ ಊಟ ಅಂತ ಇಟ್ಟುಕೊಂಡರೆ ದಿನಕ್ಕೆ 310 ಗ್ರಾಂ ಕಾರ್ಬ್ ಆಯಿತು. ಅದರಲ್ಲಿ ನಮ್ಮ ಈ ಚರ್ಚೆಗೆ ಬೇಕಾದ ಮಾತು ಇನ್ನೊಂದಿದೆ: ಒಟ್ಟು ಕಾರ್ಬ್ ಕಡಿಮೆ ಮಾಡದೆ ಬರೀ ಬಿಳಿ ಅಕ್ಕಿ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದರೆ ಡಯಾಬಿಟಿಸ್ ಅಪಾಯ ಕಡಿಮೆ ಆಗಿದ್ದು ಕಾಣಲಿಲ್ಲ. ಕಾರ್ಬ್‌ನಲ್ಲಿ ಸ್ವಲ್ಪ ಪಾಲು ತೆಗೆದು ಆ ಜಾಗಕ್ಕೆ ಕಾಳು, ಹಾಲು, ಮೊಸರು ಇಂಥ ಪ್ರೋಟೀನ್ ಇದ್ದವರಲ್ಲಿ ಅಪಾಯ ಕಡಿಮೆ ಕಂಡಿತು. ಅಂದರೆ ಧಾನ್ಯ ಬದಲಾಯಿಸೋದು ಸುಲಭ, ಆದರೆ ಕಡಿಮೆ ಮಾಡದೆ ಬರೀ ಬದಲಾಯಿಸಿದರೆ ಉಪಯೋಗ ಇಲ್ಲ.

ಮತ್ತೆ ಹಿರಿಯರಿಗೆ ಶುಗರ್ ಇತ್ತೋ ಇಲ್ಲವೋ, ಆಗ ಊರಲ್ಲಿ ಚುಚ್ಚಿ ನೋಡಿದವರು ಯಾರು?

ನವಣೆ ನಂಜುಂಡ:
ಅದೂ ಸರಿ. ಆದರೆ ನವಣೆ ಅನ್ನ ಸ್ವಲ್ಪ ತಿಂದರೇ ಹೊಟ್ಟೆ ತುಂಬುತ್ತದೆ, ಅದು ನನ್ನ ಅನುಭವ. ಅಷ್ಟಾದರೂ ಒಪ್ಪಿ.

ಪೋಷಣೆ ಪಾಠ:
ಅಷ್ಟು ಒಪ್ಪಿದೆ 🙂

ಡ್ಯೂಟಿ ಡಾಕ್ಟ್ರು:
ಊಟದ ಚರ್ಚೆ ಆಮೇಲೆ ಮಾಡಿ, ಮೊದಲು ಮಾತ್ರೆ. ತುಮಕೂರಿನವರೇ, ದಯವಿಟ್ಟು ಗಮನ ಕೊಟ್ಟು ಓದಿ.

ಮೆಟ್‌ಫಾರ್ಮಿನ್ ಒಂದೇ ಇದ್ದರೆ ಕಾರ್ಬ್ ಕಡಿಮೆ ಮಾಡಿದಾಗ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ನೀವು ಉಂಡಿರಿ ಬಿಟ್ಟಿರಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ತಳ್ಳುತ್ತಲೇ ಇರುತ್ತದೆ. ಗ್ಲಿಕ್ಲಜೈಡ್ ಕೂಡ ಅದೇ ಜಾತಿ. ಇಂದು ಎರಡು ಮುದ್ದೆ ತಿನ್ನುತ್ತಿದ್ದ ಅಮ್ಮ ನಾಳೆಯಿಂದ 20 ಗ್ರಾಂ ಕಾರ್ಬ್‌ಗೆ ಇಳಿದು ಅದೇ ಮಾತ್ರೆ ನುಂಗಿದರೆ ರಾತ್ರಿ ಹೊತ್ತು ಲೋ ಶುಗರ್ ಆಗಬಹುದು. ಬೆವರು, ಕೈ ನಡುಕ, ಎದೆ ಬಡಿತ, ಮಾತು ತಡವರಿಸೋದು. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಸೀದಾ ಆಸ್ಪತ್ರೆ.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಮಾತು, ಇನ್ನೂ ಜೋರಾಗಿ.

ಇನ್ನೊಂದು ಗುಂಪು ಇದೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರಿರುವವು, ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಮಾತ್ರೆಗಳು. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆಗಳೇ. ಆದರೆ ಇವನ್ನು ತಗೊಳ್ಳುತ್ತಾ ಕೀಟೋ, ಅಂದರೆ ತೀರಾ ಕಡಿಮೆ ಕಾರ್ಬ್ ಊಟ, ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಮೋಸ ಏನಂದರೆ ಆಗ ಮೀಟರಿನಲ್ಲಿ ಶುಗರ್ ಅಂಥಾ ಜಾಸ್ತಿ ಏನೂ ತೋರಿಸದೇ ಇರಬಹುದು. ವಾಂತಿ, ಹೊಟ್ಟೆ ನೋವು, ಏದುಸಿರು ಬಂದರೆ ಕಾಯಬೇಡಿ. ಮನೆಯವರು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಿಸಿರುತ್ತಾರೆ.

ಬಿಪಿ ಮಾತ್ರೆಯೂ ಅಷ್ಟೇ. ಕಾರ್ಬ್ ಒಮ್ಮೆಲೇ ಇಳಿಸಿದ ಮೊದಲ ವಾರ ಮೈಯಿಂದ ನೀರು, ಉಪ್ಪು ಜಾಸ್ತಿ ಹೋಗುತ್ತದೆ. ಎದ್ದು ನಿಂತರೆ ತಲೆ ತಿರುಗಬಹುದು.

ಇಷ್ಟು ಹೇಳಿದ್ದು ಹೆದರಿಸೋಕಲ್ಲ. ಕಾರ್ಬ್ ಕಡಿಮೆ ಮಾಡಿದರೆ ಶುಗರ್ ನಿಜವಾಗಿಯೂ ಇಳಿಯುತ್ತದೆ, ಅದಕ್ಕೇ ಮಾತ್ರೆ ಮೊದಲು ಸರಿ ಮಾಡಿಸಿಕೊಳ್ಳಿ ಅಂತ ಹೇಳುತ್ತಿರುವುದು. "ಊಟ ಹೀಗೆ ಬದಲಾಯಿಸುತ್ತಿದ್ದೇನೆ, ಗ್ಲಿಮೆಪಿರೈಡ್ ಎಷ್ಟು ಇಳಿಸಲಿ" ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇದ್ದವರು, ಬಸುರಿಯರು, ಟೈಪ್ 1 ಇರುವವರು ಈ ಚರ್ಚೆ ಓದಿ ತಾವೇ ಏನೂ ಶುರು ಮಾಡಬೇಡಿ.

ಮಗಳ ಅಮ್ಮ:
ಡಾಕ್ಟ್ರೇ, ನನ್ನ ಮಗಳಿಗೆ 12, ಟೈಪ್ 1. ಕಾರ್ಬ್ ಪೂರ್ತಿ ಬಿಟ್ಟರೆ ಇನ್ಸುಲಿನ್ ಬಿಡಬಹುದು ಅಂತ ನೆಂಟರೊಬ್ಬರು ದಿನಾ ಫೋನ್ ಮಾಡುತ್ತಾರೆ. ನನಗೆ ಬೇಡ ಅಂತ ಗೊತ್ತು, ಅವರಿಗೆ ಏನು ಉತ್ತರ ಕೊಡಲಿ?

ಡ್ಯೂಟಿ ಡಾಕ್ಟ್ರು:
ಇತಿಹಾಸ ಹೇಳಿ ಸಾಕು. ಕಾರ್ಬ್ ಬಿಡಿಸೋದು ಹೊಸ ವಿದ್ಯೆಯಲ್ಲ. 1797ರಲ್ಲೇ ಜಾನ್ ರೋಲೋ ಅನ್ನೋ ಸೇನೆಯ ವೈದ್ಯ ಒಬ್ಬ ಅಧಿಕಾರಿಗೆ ಧಾನ್ಯ ಬಿಡಿಸಿ ಮಾಂಸದ ಊಟ ಕೊಟ್ಟು ಸುಧಾರಿಸಿದ್ದನ್ನು ಬರೆದಿಟ್ಟ. ದಪ್ಪ ಮೈಯ ದೊಡ್ಡವರಿಗೆ ಅದು ಕೆಲಸ ಮಾಡುತ್ತಿತ್ತು. ಮಕ್ಕಳಿಗೆ ಮಾಡಲಿಲ್ಲ. ಇನ್ಸುಲಿನ್ ಬರುವ ಮೊದಲು ಆ ಮಕ್ಕಳನ್ನು ಕಾರ್ಬ್ ಇಲ್ಲದೆ, ಹೆಚ್ಚು ಕಡಿಮೆ ಉಪವಾಸ ಕೆಡವಿ ಇಡುತ್ತಿದ್ದರು. ಎಲುಬಿನ ಗೂಡಾಗಿ ಸ್ವಲ್ಪ ಕಾಲ ಬದುಕುತ್ತಿದ್ದರು, ಆಮೇಲೆ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14ರ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟ ಮೇಲೆಯೇ ಆ ಕಥೆ ಬದಲಾದದ್ದು. ಟೈಪ್ 1ರಲ್ಲಿ ಏನೂ ತಿನ್ನದಿದ್ದರೂ ಬದುಕೋಕೆ ಇನ್ಸುಲಿನ್ ಬೇಕು. ಆ ನೆಂಟರ ಫೋನ್ ಎತ್ತಬೇಡಿ ಅಮ್ಮಾ.

ಮಗಳ ಅಮ್ಮ:
ತುಂಬಾ ಥ್ಯಾಂಕ್ಸ್ ಸರ್. ಇದನ್ನೇ ಕಾಪಿ ಮಾಡಿ ಕಳಿಸುತ್ತೇನೆ.

ಲೆಸ್ಟರ್ ಕನ್ನಡಿಗ:
ನಾನು ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿಯ ಒಂದು ವಿಷಯ ಸೇರಿಸುತ್ತೇನೆ. ಇಲ್ಲಿ 'ಡೈರೆಕ್ಟ್' ಅಂತ ಒಂದು ಪ್ರಯೋಗ ನಡೆಯಿತು, ಗ್ಲಾಸ್ಗೋದ ಮೈಕ್ ಲೀನ್, ನ್ಯೂಕಾಸಲ್‌ನ ರಾಯ್ ಟೇಲರ್ ನಡೆಸಿದ್ದು. ಟೈಪ್ 2 ಬಂದು ಆರು ವರ್ಷ ಮೀರದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯೊಳಗೆ ಸೂಪು, ಶೇಕ್ ಮಾತ್ರ. ವರ್ಷದ ಕೊನೆಗೆ ಶೇ. 46 ಜನ ಮಾತ್ರೆ ಇಲ್ಲದೆ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದರು. ಎರಡು ವರ್ಷಕ್ಕೆ ಅದು ಶೇ. 36ಕ್ಕೆ ಇಳಿಯಿತು. 15 ಕೆಜಿ ಮತ್ತು ಮೇಲೆ ಇಳಿಸಿದವರಲ್ಲಂತೂ ಮೊದಲ ವರ್ಷ ಶೇ. 86. ಆ ಶೇಕ್‌ನಲ್ಲಿ ಕಾರ್ಬ್ ಏನೂ ಕಡಿಮೆ ಇರಲಿಲ್ಲ, ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬ್‌ನದ್ದೇ. ಆದರೂ ಕೆಲಸ ಮಾಡಿತು, ಯಾಕೆಂದರೆ ಪಿತ್ತಜನಕಾಂಗದಲ್ಲಿ, ಮೇದೋಜೀರಕದಲ್ಲಿ ಕೂತ ಕೊಬ್ಬು ಕರಗಿತು.

ಆದ್ದರಿಂದ ಇಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ ಅಂತ ನನಗನ್ನಿಸುತ್ತದೆ. ಕಾರ್ಬ್ ಕಡಿಮೆ ತಿಂದರೆ ಆ ಊಟದ ನಂತರದ ಏರಿಕೆ ಅವತ್ತೇ ಕಡಿಮೆ. ತೂಕ ಇಳಿದರೆ ಮೈಯೇ ಇನ್ಸುಲಿನ್ ಮಾತು ಕೇಳೋಕೆ ಶುರು ಮಾಡುತ್ತದೆ, ಅದು ನಿಧಾನ. ಕಾರ್ಬ್ ಬಿಟ್ಟು ಆ ಜಾಗಕ್ಕೆ ಪಾವು ಪಾವು ತುಪ್ಪ ಸುರಿದು ತೂಕ ಅಲ್ಲೇ ನಿಂತರೆ ಮೊದಲನೆಯದು ಮಾತ್ರ ಸಿಗುತ್ತದೆ.

ಪೋಷಣೆ ಪಾಠ:
ಲೆಸ್ಟರಿನವರು ಹೇಳಿದ್ದು ಬಹಳ ಮುಖ್ಯ. ಕಡಿಮೆ ಕಾರ್ಬ್ ಪ್ರಯೋಗಗಳನ್ನು ಒಟ್ಟು ಹಾಕಿ 2021ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು, 23 ಪ್ರಯೋಗ, ಸುಮಾರು 1350 ಜನ. ಆರು ತಿಂಗಳಿಗೆ ಕಡಿಮೆ ಕಾರ್ಬ್‌ನವರಲ್ಲಿ ಶೇ. 57 ಜನ ಎಚ್‌ಬಿಎ1ಸಿ 6.5ರ ಕೆಳಗೆ ಬಂದರು, ಉಳಿದ ಊಟದವರಲ್ಲಿ ಶೇ. 31. ವರ್ಷ ತುಂಬುವ ಹೊತ್ತಿಗೆ ಆ ಅಂತರ ಕರಗಿಹೋಗಿತ್ತು. ಇನ್ನೊಂದು ಕಂಡದ್ದು, ತೀರಾ ಕಡಿಮೆ ಕಾರ್ಬ್ ಅಂತ ಹಠ ಹಿಡಿದವರಿಗಿಂತ ಸಾಧಾರಣವಾಗಿ ಕಡಿಮೆ ಮಾಡಿದವರಿಗೇ ಆರು ತಿಂಗಳಲ್ಲಿ ತೂಕ ಚೆನ್ನಾಗಿ ಇಳಿಯಿತು, ಕಾರಣ ಮೊದಲನೆಯವರಲ್ಲಿ ಬಹಳ ಜನಕ್ಕೆ ಪಾಲಿಸೋಕೇ ಆಗಲಿಲ್ಲ.

ಕಡಿಮೆ ಕಾರ್ಬ್ ಅಂದರೆ ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂ ಒಳಗೆ. 20ರಿಂದ 50 ಗ್ರಾಂ ಅಂದರೆ ಕೀಟೋ. ತುಮಕೂರಿನವರ ಅಮ್ಮ ಈಗ 300ರ ಹತ್ತಿರ ಇದ್ದರೆ, ಮೊದಲು 180ಕ್ಕೆ, ಆಮೇಲೆ 130ಕ್ಕೆ ಬಂದರೂ ಮೀಟರಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅಣ್ಣನ ವಿಡಿಯೋದ 20 ಗ್ರಾಂ ಅಂದರೆ ಒಂದು ಚಪಾತಿ, ಅಷ್ಟೇ. ಇಡೀ ದಿನಕ್ಕೆ.

ಜೋಳದ ರೊಟ್ಟಿ:
ನಮ್ಮ ವಿಜಯಪುರ ಕಡೆ ಮುದ್ದೆ ಇಲ್ಲ, ಎರಡು ಹೊತ್ತೂ ರೊಟ್ಟಿ. ನನಗೆ ಅನುಕೂಲ ಆಗಿದ್ದು ಏನಂದರೆ ರೊಟ್ಟಿ ಎಣಿಸಬಹುದು. ಅನ್ನ ಎಣಿಸೋಕಾಗಲ್ಲ, ಸಾರು ಬಿದ್ದಂಗೆ ಇನ್ನೊಂದು ಹಿಡಿ, ಮೊಸರು ಬಿದ್ದಂಗೆ ಮತ್ತೊಂದು ಹಿಡಿ. ನಮ್ಮ ಮನೆಯ ತೆಳ್ಳನೆ ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿಯುತ್ತದೆ, ಅಂದರೆ ಸುಮಾರು 27 ಗ್ರಾಂ ಕಾರ್ಬ್. ಮೊದಲು ನಾಲ್ಕು ಹೊಡೆಯುತ್ತಿದ್ದೆ. ಈಗ ಒಂದೂವರೆ. ತಟ್ಟೆಯಲ್ಲಿ ಜಾಗ ಖಾಲಿ ಬಿಟ್ಟರೆ ಮನಸ್ಸು ಒಪ್ಪಲ್ಲ, ಅದಕ್ಕೆ ಎಣಗಾಯಿ, ಮೊಳಕೆ ಮಡಕಿಕಾಳು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಹೇಳಬೇಕಂದರೆ ಇದು ನಮ್ಮ ಊರಿನ ಊಟವೇ, ರೊಟ್ಟಿ ಎತ್ತರ ಮಾತ್ರ ಕಡಿಮೆ.

ಕಡಲತೀರ:
ನಮ್ಮಲ್ಲಿ ಮೀನಿಗೆ ಬರ ಇಲ್ಲ, ಬೂತಾಯಿ, ಬಂಗುಡೆ ದಿನಾ ಸಿಗುತ್ತದೆ. ಕಷ್ಟ ಅಂದರೆ ಕುಚ್ಚಲಕ್ಕಿ. ಕೆಂಪಕ್ಕಿ, ಕುಚ್ಚಲಕ್ಕಿ ಶುಗರಿಗೆ ಒಳ್ಳೆಯದು ಅಂತ ಹೇಳಿ ಹೇಳಿ ನಮ್ಮ ಮಾವ ಗಂಜಿ ಬಟ್ಟಲು ದೊಡ್ಡದು ಮಾಡಿದ್ದಾರೆ. ಏರಿಕೆ ಬಿಳಿ ಅಕ್ಕಿಗಿಂತ ಸ್ವಲ್ಪ ನಿಧಾನ ಇರಬಹುದು, ಒಟ್ಟು ಕಾರ್ಬ್ ಹೆಚ್ಚು ಕಡಿಮೆ ಅಷ್ಟೇ. ಈಗ ಮೊದಲು ಮೀನು, ಪಲ್ಯ ತಿನ್ನಿಸಿ ಕೊನೆಗೆ ಸ್ವಲ್ಪ ಅನ್ನ ಕೊಡುತ್ತೇವೆ. ಅದೇ ಊಟ, ಸಾಲು ಮಾತ್ರ ಬೇರೆ. ರೀಡಿಂಗ್ ಕಡಿಮೆ ಬರುತ್ತಿದೆ. ಇದು ನಮ್ಮ ಭ್ರಮೆಯೋ ನಿಜವೋ?

ಡ್ಯೂಟಿ ಡಾಕ್ಟ್ರು:
ನಿಜ. ತರಕಾರಿ, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ಖಾಲಿಯಾಗುವುದು ನಿಧಾನ, ಏರಿಕೆಯೂ ಕಡಿಮೆ. ಟೈಪ್ 2 ಇರುವವರ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಿಸಿ, ಇನ್ನೂ ಇಳಿಯುತ್ತದೆ.

ಬರೀ ಸೊಪ್ಪು:
ಎಲ್ಲರೂ ಮೊಟ್ಟೆ, ಮೀನು ಅಂತೀರಿ. ನಾವು ಮೊಟ್ಟೆಯೂ ತಿನ್ನಲ್ಲ. ಬೇಳೆ ಜಾಸ್ತಿ ಮಾಡೋಣ ಅಂದರೆ ಬೇಳೆಯಲ್ಲೂ ಕಾರ್ಬ್ ಇದೆ ಅಂತಾರೆ. ಬಾದಾಮಿ ಹಿಟ್ಟಿನ ರೊಟ್ಟಿ ಅಂತ ನೋಡಿದೆ, ಆ ರೇಟಿಗೆ ಮಾತ್ರೆಯೇ ಅಗ್ಗ.

ಪೋಷಣೆ ಪಾಠ:
ಬಾದಾಮಿ ಹಿಟ್ಟು ಮರೆತುಬಿಡಿ. ಕಡಲೆಬೀಜ ಇದೆಯಲ್ಲ! 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಕಾರ್ಬ್ 20 ಗ್ರಾಂ ಒಳಗೆ. ಕ್ಯಾಲೊರಿ ಜಾಸ್ತಿ, ಹಾಗಾಗಿ ಹಿಡಿ ಲೆಕ್ಕದಲ್ಲಿ. ಸೋಯಾ ಚಂಕ್ಸ್ ಅರ್ಧಕ್ಕರ್ಧ ಪ್ರೋಟೀನ್, ಬೆಲೆಯೂ ಕಡಿಮೆ, ಮಸಾಲೆ ಹಾಕಿ ಪಲ್ಯ ಮಾಡಿದರೆ ಚೆನ್ನಾಗಿಯೇ ಇರುತ್ತದೆ. ಪನೀರು, ಗಟ್ಟಿ ಮೊಸರು, ಮಜ್ಜಿಗೆ. ಕಾಳಿನಲ್ಲಿ ಕಾರ್ಬ್ ಇದೆ, ನಿಜ, ಆದರೆ ಅದರ ಜೊತೆ ನಾರೂ ಪ್ರೋಟೀನೂ ಇರೋದರಿಂದ ಏರಿಕೆ ಅನ್ನದಷ್ಟು ಇಲ್ಲ. ಹುರುಳಿ, ಅವರೆ, ಹೆಸರು, ಅಲಸಂದೆ ಬಿಡಬೇಡಿ. ಅವರೆಕಾಳು ಸಾರನ್ನು ಮುದ್ದೆಗೆ ನೆಂಚಿಕೊಳ್ಳೋದು ಅಂತ ನೋಡಬೇಡಿ, ಕಾಳನ್ನೇ ಊಟ ಅಂತ ಮಾಡಿ, ಮುದ್ದೆ ನಿಂಬೆಹಣ್ಣಿನಷ್ಟು ಇರಲಿ. ಬೆಳಗಿನ ತಿಂಡಿಗೆ ಹೆಸರುಕಾಳಿನ ದೋಸೆ ಮಾಡಿ. ತಿಂಡಿಯೇ ನಮ್ಮ ದೊಡ್ಡ ಹಳ್ಳ ನೋಡಿ, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ, ಪ್ರೋಟೀನ್ ಎಲ್ಲಿದೆ ಹುಡುಕಬೇಕು.

ತುಮಕೂರು ತೆಂಗು:
ಎಲ್ಲರಿಗೂ ಧನ್ಯವಾದ. ನಮ್ಮ ಡಾಕ್ಟರ ಹತ್ತಿರ ಹೋಗಿದ್ದೆವು, ಗ್ಲಿಮೆಪಿರೈಡ್ ಅರ್ಧ ಮಾಡಿದರು, ದಿನಾ ಶುಗರ್ ಬರೆದಿಡಿ ಅಂದರು. ಮುದ್ದೆ ಹಿಟ್ಟು ತಕ್ಕಡಿಯಲ್ಲಿ ಇಟ್ಟರೆ 110 ಗ್ರಾಂ ಇತ್ತು! ಈಗ 45 ಗ್ರಾಂ, ಜೊತೆಗೆ ಹುರುಳಿಕಾಳು, ಪಲ್ಯ, ಮೊಟ್ಟೆ. ಊಟದ ನಂತರ 160, 170. ಆದರೆ ಬೆಳಗಿನ ಫಾಸ್ಟಿಂಗ್ ಇನ್ನೂ 150. ರಾತ್ರಿ ಮಲಗುವಾಗ 138 ಇದ್ದದ್ದು ಏನೂ ತಿನ್ನದೆ ಬೆಳಿಗ್ಗೆ ಹೇಗೆ ಏರುತ್ತದೆ?

ಡ್ಯೂಟಿ ಡಾಕ್ಟ್ರು:
ಪಿತ್ತಜನಕಾಂಗದ ಕೆಲಸ. ಬೆಳಗಿನ ಜಾವ ಕಾರ್ಟಿಸಾಲ್ ಥರದ ಹಾರ್ಮೋನ್‌ಗಳು ಏರುತ್ತವೆ, ಲಿವರ್ ತನ್ನ ಉಗ್ರಾಣದಿಂದ ಸಕ್ಕರೆ ಬಿಡುತ್ತದೆ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ತಡೆಯುತ್ತದೆ, ಇಲ್ಲಿ ತಡೆ ಸಾಲದು. ಫಾಸ್ಟಿಂಗ್ ಇಳಿಯುವುದು ಕೊನೆಗೆ, ತೂಕ ಇಳಿದ ಹಾಗೆಲ್ಲ. ರಾತ್ರಿ ಊಟ ಬೇಗ ಮುಗಿಸಿ, ಹಗುರ ಇರಲಿ. ಅದಕ್ಕೆ ಅಂತ ರಾತ್ರಿ ಊಟವನ್ನೇ ಬಿಡಿಸಬೇಡಿ, ಗ್ಲಿಮೆಪಿರೈಡ್ ಇನ್ನೂ ನಡೆಯುತ್ತಿದೆ.

ಲ್ಯಾಬ್ ಅಣ್ಣ:
ನಮ್ಮ ಕೌಂಟರಿನ ಕಡೆಯಿಂದ ಎರಡು ಮಾತು. ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಬೇಡಿ, ಬೆರಳ ಮೇಲಿನ ರಸಕ್ಕೆ ರೀಡಿಂಗ್ ಎಲ್ಲೋ ಹೋಗುತ್ತದೆ, ಸೋಪಿನಲ್ಲಿ ತೊಳೆದು ಒರೆಸಿ. ಮೀಟರಿನಲ್ಲಿ ಶೇ. 15ರಷ್ಟು ಆಚೀಚೆ ಸಹಜ, 160ಕ್ಕೂ 170ಕ್ಕೂ ಜಗಳ ಬೇಡ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಪ್ರತಿ ತಿಂಗಳು ಮಾಡಿಸಿ ದುಡ್ಡು ಕಳೆಯಬೇಡಿ. 8.4 ಅಂದರೆ ಸರಾಸರಿ 194ರ ಹತ್ತಿರ, 7 ಅಂದರೆ 154. ಮನೆಯ ರೀಡಿಂಗಿಗೂ ಇದಕ್ಕೂ ತಾಳೆಯೇ ಆಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಕೊರತೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ತುಪ್ಪ, ಕೊಬ್ಬರಿ ಎಣ್ಣೆ ಜಾಸ್ತಿ ಮಾಡಿದವರು ಮೂರು ತಿಂಗಳಿಗೆ ಕೊಲೆಸ್ಟ್ರಾಲ್ ಕೂಡ ಮಾಡಿಸಿ, ಕೆಲವರಿಗೆ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಸಿಕ್ಕಾಪಟ್ಟೆ ಏರುತ್ತದೆ.

ಸಕ್ಕರೆ ಸೀನಿಯರ್:
ತುಮಕೂರಿನವರೇ, 240ರಿಂದ 165ಕ್ಕೆ ಬಂದಿದೆ ಅಲ್ವಾ, ಅದೂ ಮುದ್ದೆ ಬಿಡದೆ. ಅಣ್ಣನಿಗೆ ಈ ಲೆಕ್ಕ ಕಳಿಸಿ.

ತುಮಕೂರು ತೆಂಗು:
ಕಳಿಸಿದ್ದೇನೆ, ಇನ್ನೂ ನೀಲಿ ಟಿಕ್ ಬಂದಿಲ್ಲ. ಕೊನೆಯ ಪ್ರಶ್ನೆ. ಶ್ರಾವಣ ಬಂತು ಅಂದರೆ ಅಮ್ಮ ಶನಿವಾರ ಒಪ್ಪೊತ್ತು ಬಿಡಲ್ಲ. ಹಗಲೆಲ್ಲ ಊಟ ಮಾಡಲ್ಲ, ಸಂಜೆ ಪೂಜೆ ಆದ ಮೇಲೆ ಉಪ್ಪಿಟ್ಟು, ಬಾಳೆಹಣ್ಣು, ರಸಾಯನ. ಏನು ಮಾಡಲಿ?

ಡ್ಯೂಟಿ ಡಾಕ್ಟ್ರು:
ಆ ದಿನ ಬೆಳಗಿನ ಗ್ಲಿಮೆಪಿರೈಡ್ ತಗೊಳ್ಳಬೇಕೋ ಬೇಡವೋ, ಶ್ರಾವಣಕ್ಕೆ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಮಾತ್ರೆ ನುಂಗಿ ಸಂಜೆವರೆಗೆ ಖಾಲಿ ಹೊಟ್ಟೆ ಅಂದರೆ ಲೋ ಶುಗರ್ ಆಗುವ ಅಪಾಯ ಜಾಸ್ತಿ. ಹಗಲು ಮಜ್ಜಿಗೆ, ಹುರಿದ ಕಡಲೆಬೀಜ ವ್ರತಕ್ಕೆ ನಡೆಯುತ್ತದಾ ಅಂತ ಅಮ್ಮನನ್ನೇ ಕೇಳಿ.

ಕಡಲತೀರ:
ರಸಾಯನದ ಬದಲು ಹೆಸರುಬೇಳೆ ಕೋಸಂಬರಿ ಮಾಡಿ, ದೇವರಿಗೂ ನಡೆಯುತ್ತದೆ. ಉಪ್ಪಿಟ್ಟಿಗೆ ರವೆ ಒಂದು ಪಾಲು, ತರಕಾರಿ ಎರಡು ಪಾಲು. ಬಾಳೆಹಣ್ಣು ಏಲಕ್ಕಿ ಬಾಳೆ ಒಂದೇ ಸಾಕು, ಪಚ್ಚಬಾಳೆ ಬೇಡ, ಅದರ ಸೈಜ್ ನೋಡಿದ್ದೀರಲ್ಲ.

ತುಮಕೂರು ತೆಂಗು:
ಕೋಸಂಬರಿ ಒಪ್ಪಿದರು. ಕಡಲೆಬೀಜಕ್ಕೆ ಅಜ್ಜಿಯನ್ನು ಕೇಳಬೇಕಂತೆ.